ನಾನು ಕೈಬಿಟ್ಟ ಸೊಲ್ಲು

ತಗಡಿನ ಮೇಲೆ ಅಂಗೈ ಬೀಳುವ ಸದ್ದು. ಒಬ್ಬರ ಅಂಗೈ ಅಲ್ಲ, ಆರು ಹೆಂಗಸರದು. ಎರಡು ಏಟು ನಿಧಾನಕ್ಕೆ, ಒಂದು ಏಟು ಅವಸರಕ್ಕೆ, ಆಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮುಂಬಯಿ ಬೈಕುಲ್ಲಾದ ಒಂದು ಗಲ್ಲಿಯಲ್ಲಿ, ಹಗ್ಗ ಹಿಡಿದು ಹತ್ತಬೇಕಾದ ಮರದ ಮೆಟ್ಟಿಲುಗಳ ಮೇಲೆ, ಸ್ಕೂಲ್ ಬ್ಯಾಗ್ ಹೊಲಿಯುವ ಸಣ್ಣ ಕಾರ್ಖಾನೆಯೊಂದಿತ್ತು. ರೆಗ್ಜಿನ್ ಕತ್ತರಿಸುವ ಉದ್ದ ಮೇಜಿಗೆ ತಗಡು ಹೊಡೆದಿದ್ದರು. ಶುಕ್ರವಾರ ಮಷಿನ್‌ಗಳಿಗೆ ರಜೆ. ಮಧ್ಯಾಹ್ನದ ನಮಾಜು ಮುಗಿದು, ಊಟವಾಗಿ, ಗಲ್ಲಿ ಸ್ವಲ್ಪ ತೂಕಡಿಸುವ ಹೊತ್ತಿಗೆ ಆ ಆರು ಮಂದಿ ಮೇಜಿನ ಸುತ್ತ ನಿಂತು ಹಾಡುತ್ತಿದ್ದರು. ಡೋಲಕ್ ಇರಲಿಲ್ಲ, ಬೇಕೆಂದು ಅವರು ಕೇಳಿದ್ದೂ ಇಲ್ಲ. ನಾನು ಕೂತಿದ್ದ ಸ್ಟೂಲು ಮೇಜಿಗೆ ತಾಗಿಕೊಂಡಿತ್ತು. ಆ ಸದ್ದು ನನಗೆ ಕಿವಿಗಿಂತ ಮೊದಲು ಬೆನ್ನಿಗೆ ಮುಟ್ಟುತ್ತಿತ್ತು.

ಅದೇ ಬೈಕುಲ್ಲಾದಲ್ಲಿ ನಾನು ಹನ್ನೊಂದು ವರ್ಷ ಕಾನ್ವೆಂಟಿಗೆ ಹೋದವಳು. ಉಡುಪಿ ಕಡೆಯಿಂದ ಬಂದ ನಮ್ಮ ಅಪ್ಪನಿಗೆ ಫೋರ್ಟಿನಲ್ಲಿ ಹೊಟೇಲು. ಬ್ಯಾಂಕಿನ ಕ್ಲಾರ್ಕುಗಳಿಗೆ ಇಡ್ಲಿ ಬಡಿಸಿದ ದುಡ್ಡಿನಲ್ಲಿ ಒಬ್ಬಳೇ ಮಗಳನ್ನು ಸಿಸ್ಟರುಗಳ ಕೈಗೆ ಒಪ್ಪಿಸಿದ್ದರು. ಎಲೊಕ್ಯೂಶನ್, ಪಿಯಾನೋ, ಪೊಲೈಟ್ ಆಗಿ ಕೆಮ್ಮುವುದು, ಎಲ್ಲ ಅಲ್ಲಿ ಕಲಿತೆ. ನಮ್ಮ ಸ್ಕೂಲಿನ ಹಿಂದಿನ ಗೋಡೆಯ ಆಚೆಗೇ ಈ ಗಲ್ಲಿ. ಹಿಂದಿನ ಗೇಟಿನಿಂದ ಯಾರೂ ಹೋಗಬಾರದು ಎಂದು ರೂಲ್ ಇತ್ತು. ಆ ರೂಲ್ ಅನ್ನು ನಾನು ಮುರಿದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೊಣಕಾಲಿಗೆ ಬೆಲ್ಟು ಕಟ್ಟಿಕೊಂಡು.

ಯಜಮಾನರು ಹೋದ ಮೇಲೆ ಸಯನ್ನಿನ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಹೊತ್ತು ಹೋಗಲೆಂದು ಫೋರ್ಟಿನ ಒಂದು ಟ್ರಸ್ಟಿಗೆ ವಾರಕ್ಕೆರಡು ದಿನ ಆನರರಿ ಕೆಲಸಕ್ಕೆ ಹೋಗತೊಡಗಿದೆ. ಹಾಡು, ನಾಟಕ, ಗೋಡೆಚಿತ್ರ ಇಂಥವುಗಳ ಮೂಲಕ ನ್ಯಾಯ ಕೇಳುವ ಬಡವರ ಗುಂಪುಗಳಿಗೆ ಫಂಡಿಂಗ್ ಕೊಡುವ ಟ್ರಸ್ಟು ಅದು. ಹಣ ಹೊರದೇಶದಿಂದ ಬರುತ್ತಿತ್ತು, ಫಾರ್ಮೂ ಅಲ್ಲಿಂದಲೇ ಬರುತ್ತಿತ್ತು. ಫಾರ್ಮು ಇಂಗ್ಲಿಷಿನಲ್ಲಿ. ಹಾಡುವವರಿಗೆ ಇಂಗ್ಲಿಷ್ ಬಾರದು, ಇಂಗ್ಲಿಷ್ ಬರುವವರಿಗೆ ಹಾಡುವುದಕ್ಕೆ ಏನೂ ಇಲ್ಲ. ನಡುವೆ ನಿಲ್ಲುವುದಕ್ಕೆ ನನ್ನಂಥವಳು. ಅವರು ಹೇಳಿದ್ದನ್ನು ಕೇಳಿ, ಫಾರ್ಮಿನ ಚೌಕಗಳೊಳಗೆ ಕೂರುವಂತೆ ನಾನು ಬರೆಯಬೇಕು. ಎಲ್ಲರೂ ನನ್ನ ಇಂಗ್ಲಿಷ್ ಅನ್ನು ಹೊಗಳುತ್ತಿದ್ದರು. ಈ ವಯಸ್ಸಿನಲ್ಲಿ ಯಾರಾದರೂ ಯಾವುದನ್ನಾದರೂ ಹೊಗಳಿದರೆ ಮನುಷ್ಯ ಸ್ವಲ್ಪ ಕುರುಡಾಗುತ್ತಾನೆ. ನಾನು ಸ್ವಲ್ಪ ಅಲ್ಲ, ಪೂರ್ತಿಯೇ ಆದೆ.

ಆ ಆರು ಮಂದಿ ವಿಜಯಪುರದ ಕಡೆಯ ಮುಸಲ್ಮಾನರ ಮನೆಯವರು. ಮನೆಯಲ್ಲಿ ದಖ್ಖನಿ ಉರ್ದು, ಹಾಡಿಗೆ ಕನ್ನಡ. ಊರಿನಲ್ಲಿ ಮೊಹರಂ ಬಂತೆಂದರೆ ಎಲ್ಲ ಜಾತಿಯವರೂ ಸೇರಿ ಕನ್ನಡದಲ್ಲೇ ಪದ ಹಾಡುತ್ತಾರಂತೆ. ನನ್ನ ಕರಾವಳಿಯ ಕನ್ನಡಕ್ಕೂ ಅವರ ಕನ್ನಡಕ್ಕೂ ಮೊದಮೊದಲು ಹೊಂದಿಕೆಯಾಗಲಿಲ್ಲ. ನಾನು ‘ನೀವು’ ಎಂದು ಮಾತಾಡಿಸಿದರೆ ಅವರಿಗೆ ನಗು.

“ಬಾಯಾರ, ನನಗ ನೀವು ಅಂದ್ರ ನನ್ನ ಹಿಂದ ಯಾರರ ದೊಡ್ಡವ್ರು ನಿಂತಾರೇನೋ ಅಂತ ತಿರುಗಿ ನೋಡತೀನ್ರಿ,” ಎಂದವಳು ಅವರಲ್ಲಿ ಮುಂದೆ ನಿಂತು ಹಾಡುವವಳು. ಐವತ್ತರ ಆಸುಪಾಸು, ಸಣಕಲು ದೇಹ, ರೆಗ್ಜಿನ್ ಅಂಟಿನಿಂದ ಬೆರಳ ತುದಿಯೆಲ್ಲ ಸಿಪ್ಪೆ ಎದ್ದಿತ್ತು. ಅಂದಿನಿಂದ ‘ನೀನು’ ಎಂದೇ ಕರೆದೆ. ಅವಳ ಹೆಸರು ಇಲ್ಲಿ ಬೇಡ.

ಅವಳು ವಿಧವೆ. ಇದ್ದ ಒಬ್ಬ ಮಗ, ಇಪ್ಪತ್ತಾರರ ಪ್ರಾಯದವನು, ಉಪನಗರದ ಬಿಲ್ಡಿಂಗ್‌ಗಳ ಗಟಾರದ ಟ್ಯಾಂಕ್ ಸಾಫ್ ಮಾಡಿಸುವ ಒಬ್ಬ ಕಂತ್ರಾಟುದಾರನ ಕೈಕೆಳಗೆ ದಿನಗೂಲಿಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಟ್ಯಾಂಕಿನೊಳಗೆ ಇಳಿದವನು ಮೇಲೆ ಬರಲಿಲ್ಲ. ಗ್ಯಾಸ್. ಕಂತ್ರಾಟುದಾರ ಹೇಳಿದ್ದು ಇಷ್ಟು: ನಾನು ಅವನಿಗೆ ಮೇಲಿನ ಕಟ್ಟೆ ತೊಳೆ ಅಂದಿದ್ದೆ, ಅವನ ಮೊಬೈಲು ಒಳಗೆ ಬಿತ್ತು, ಅದನ್ನು ತೆಗೆಯುವುದಕ್ಕೆ ತಾನಾಗಿಯೇ ಇಳಿದ, ನಾನು ಇಳಿಸಲಿಲ್ಲ. ಕಾಗದಪತ್ರ ಯಾವುದೂ ಇರಲಿಲ್ಲ. ಬೆಳಿಗ್ಗೆ ಕಂತ್ರಾಟುದಾರ ಫೋನ್ ಮಾಡಿ ಕರೆದದ್ದಕ್ಕೆ ಸಾಕ್ಷಿಯಾಗಬೇಕಿದ್ದ ಮೊಬೈಲು ಮಗನ ಜೊತೆಗೇ ಟ್ಯಾಂಕಿನಲ್ಲಿ ಹೋಗಿತ್ತು. ಲೇಬರ್ ಆಫೀಸಿನಲ್ಲಿ ಕೇಸು ನಡೆಯುತ್ತಿತ್ತು.

ನಾನು ಮೊದಲ ದಿನವೇ ಕೇಳಿದೆ, ನಿನಗೆ ಎಂತ ಆಗಬೇಕು, ಪರಿಹಾರವಾ ಎಂದು. ಫಾರ್ಮಿನ ಎರಡನೆಯ ಪ್ರಶ್ನೆಯೇ ಅದು: ಈ ಯೋಜನೆಯಿಂದ ಯಾವ ಬದಲಾವಣೆ ಬಯಸುತ್ತೀರಿ.

ಅವಳು ತಗಡನ್ನು ಉಗುರಿನಿಂದ ಕೆರೆದಳು. “ಅಂವ ಒಂದ್ ಸಲಾ ಅನಬೇಕ್ರಿ. ನಾ ಕಳಿಸೀನಿ ಅಂತ. ರೊಕ್ಕ ಆಮ್ಯಾಲ. ಮೊದಲ ಅಂವ ಅನಬೇಕು, ಅದು ಕಾಗದದಾಗ ಬರೀಬೇಕು.”

ಅದನ್ನು ನಾನು ಇಂಗ್ಲಿಷಿನಲ್ಲಿ ‘ಅಕೌಂಟಬಿಲಿಟಿ’ ಎಂದು ಬರೆದೆ. ಒಂದೇ ಶಬ್ದದಲ್ಲಿ ಮುಗಿಯಿತಲ್ಲ ಎಂದು ಖುಷಿಯೂ ಆಯಿತು.

ಅವಳ ಹಾಡನ್ನು ನಾನು ಪೂರ್ತಿ ಕೇಳಿದ್ದು ಮೂರನೆಯ ಶುಕ್ರವಾರ. ಅದು ಅವಳೇ ಕಟ್ಟಿದ್ದು, ಊರಿನ ಅಳುವ ಪದದ ಅಚ್ಚಿನಲ್ಲಿ. ಅವರ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಅಳುವವಳು ಮೊದಲು ತನ್ನನ್ನೇ ದೂರಿಕೊಳ್ಳಬೇಕು. ಬಾಯಿ ಎತ್ತುತ್ತಲೇ ಬೇರೆಯವರ ಮೇಲೆ ದೂರು ಹೊರಿಸುವಂತಿಲ್ಲ, ಅದು ರೀತಿಯಲ್ಲ. ಸುತ್ತ ಕೂತವರು ಪ್ರತಿ ಸಲವೂ ಅದನ್ನು ಅಲ್ಲಗಳೆಯಬೇಕು. ಹಾಗೆ ಅಲ್ಲಗಳೆಯುವ ಸಾಲಿಗೆ ಅವರು ಸೊಲ್ಲು ಅನ್ನುತ್ತಿದ್ದರು.

ಅವಳು ಎತ್ತಿದಳು: “ನಾನಽ ಎಬ್ಬಿಸೀನಿ, ನಾನಽ ಉಣಿಸೀನಿ, ನಾನಽ ಕಳಿಸೀನಿ ನಿನ್ನ ಕತ್ತಲಿಗಿ.”

ಐದು ಮಂದಿ ತಗಡಿಗೆ ಕೈ ಹಾಕಿ ಅಂದರು: “ನೀ ಅಲ್ಲವ್ವ, ನೀ ಅಲ್ಲ.”

ಬೆಳಗಿನ ಗಾಡಿ ಕಳಿಸೈತಿ ಎಂದಳು. ಗಾಡಿ ಅಲ್ಲವ್ವ, ಗಾಡಿ ಅಲ್ಲ ಎಂದರು. ತಂದಿ ಇಲ್ಲದ ಮನಿ ಕಳಿಸೈತಿ ಎಂದಳು. ಮನಿ ಅಲ್ಲವ್ವ ಎಂದರು. ಹೀಗೆ ಹಸಿವೆ ಬಂತು, ಫೋನು ಬಂತು, ಟ್ಯಾಂಕಿಗೆ ಇಳಿಬಿಟ್ಟ ಹಗ್ಗ ಬಂತು, ಒಂದೊಂದನ್ನೂ ಐದು ಮಂದಿ ಬಿಡಿಸಿ ಕಳಿಸಿದರು. ಕೊನೆಗೆ ಅವಳು ಧ್ವನಿ ಇಳಿಸಿ, “ಮೂಗ ಮುಚ್ಚಿ ದಂಡಿಗಿ ನಿಂತಂವ ಕಳಿಸ್ಯಾನ,” ಎಂದಳು. ದಂಡಿ ಅಂದರೆ ಟ್ಯಾಂಕಿನ ಅಂಚು, ನಿಂತವನು ಕಂತ್ರಾಟುದಾರ. ಅದಕ್ಕೆ ಯಾರೂ ಅಲ್ಲ ಅನ್ನಲಿಲ್ಲ. ಕೈಗಳು ತಗಡಿನ ಮೇಲೆ ಸುಮ್ಮನೆ ಇದ್ದವು. ಪದ ಅಲ್ಲಿಗೆ ಮುಗಿಯಿತು.

ಆ ಮೌನವೇ ಅವರ ತೀರ್ಪು. ಇದನ್ನು ಇಂದು ಬರೆಯುತ್ತಿದ್ದೇನೆ. ಅಂದು ನನಗೆ ಹೊಳೆದದ್ದು, ಪದ ತುಂಬ ಲಾಂಗ್ ಆಯಿತು, ರಿಪಿಟಿಶನ್ ಜಾಸ್ತಿ ಎಂಬುದು.

ಫಾರ್ಮಿನಲ್ಲಿ ‘ಸಮುದಾಯದ ಧ್ವನಿ’ ಎಂಬ ಚೌಕವಿತ್ತು. ಮೂರು ಸಾಲು ಮೀರಬಾರದು. ನಾನು ಸಯನ್ನಿನ ಮನೆಯಲ್ಲಿ, ಕಿಟಕಿಯ ಪಕ್ಕದ ಟೇಬಲಿನಲ್ಲಿ ಎರಡು ಸಂಜೆ ಕೂತು ಆ ಚೌಕವನ್ನು ತಿದ್ದಿದೆ. ‘ನೀ ಅಲ್ಲವ್ವ, ನೀ ಅಲ್ಲ’ ಎಂಬುದನ್ನು ಇಂಗ್ಲಿಷಿಗೆ ಇಳಿಸಿದರೆ ಯಾವುದೋ ಹಳೆಯ ಕಾಲದ ಅಳುಮುಂಜಿ ಪದ್ಯದಂತೆ ಕೇಳುತ್ತಿತ್ತು. ನಮ್ಮ ಇಂಗ್ಲಿಷ್ ಸಿಸ್ಟರ್ ಕೆಂಪು ಪೆನ್ಸಿಲ್ ಹಿಡಿದು ಕಲಿಸಿದ್ದು ನೆನಪಾಯಿತು: ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಡ, ಕ್ರಿಯಾಪದವನ್ನು ನೇರವಾಗಿ ಇಡು. ಸೊಲ್ಲನ್ನು ಹೊಡೆದು ಹಾಕಿದೆ. ಗಾಡಿ, ಮನೆ, ಹಸಿವೆ, ಎಲ್ಲ ಹೊಡೆದು ಹಾಕಿದೆ. ಕೊನೆಯ ಸಾಲಿಗೆ ಜಾಗ ಉಳಿಯಲಿಲ್ಲ. ಉಳಿದದ್ದು ಮೊದಲ ಸಾಲು ಮಾತ್ರ, ಇಂಗ್ಲಿಷಿನಲ್ಲಿ ಅದೇ ಮೂರು ಸಾಲಾಯಿತು: ನಾನೇ ಎಬ್ಬಿಸಿದೆ, ನಾನೇ ಉಣಿಸಿದೆ, ನಾನೇ ಅವನನ್ನು ಕತ್ತಲೆಗೆ ಇಳಿಸಿದೆ. ಕೆಳಗೆ ‘ಒಬ್ಬ ತಾಯಿ, ಅವಳದೇ ಮಾತಿನಲ್ಲಿ’ ಎಂದು ಬರೆದೆ. ಓದಿ ನೋಡಿದೆ. ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು, ಅಷ್ಟು ಕ್ಲೀನ್.

ಟ್ರಸ್ಟಿನ ಆಫೀಸಿನಲ್ಲಿ ನಮ್ಮವರದೇ ಒಬ್ಬ ಹುಡುಗಿ ಕೆಲಸಕ್ಕಿದ್ದಳು. ಅಜ್ಜಿಯ ಮನೆಯ ಕನ್ನಡ, ಅದೂ ಅರ್ಧ. ಅವಳು ಓದಿ ಕಣ್ಣು ಒರೆಸಿಕೊಂಡಳು. “ಆಂಟಿ, ಯೇ ಲೈನ್ ಮಾತ್ರ ಬೇಕು. ಇದನ್ನೇ ಪ್ರೋಗ್ರಾಮ್ ಬುಕ್ಲೆಟ್‌ನ ಕವರ್‌ಗೆ ಹಾಕುವಾ. ಜನ ಒಂದ್ ಸಲ ನೋಡಿದ್ರೆ ಸಾಕು, ಫಿನಿಶ್.”

ನಾನು ಅವಳನ್ನು ಒಂದು ಮಾತು ಕೇಳಬಹುದಿತ್ತು. ಮುಂದಿನ ಶುಕ್ರವಾರ ಕಾರ್ಖಾನೆಗೆ ಹೋಗಿ, ನೋಡು, ಇಷ್ಟು ತೆಗೆದಿದ್ದೇನೆ, ಇಷ್ಟು ಬಿಟ್ಟಿದ್ದೇನೆ, ಆದೀತಾ ಎಂದು. ಹೋದದ್ದೇನೋ ಹೋದೆ. ಫಂಡಿಂಗ್ ಸಿಗುವ ಹಾಗಿದೆ ಎಂದು ಹೇಳಿದೆ, ತಿಂಡಿ ತಂದಿದ್ದೆ, ತಿಂದರು. ಅವರಲ್ಲಿ ವಯಸ್ಸಾದವಳೊಬ್ಬಳು ಕೈ ಒರೆಸಿಕೊಳ್ಳುತ್ತ, ಬಾಯಾರ, ಅದು ಅಳೋ ಪದ, ಅದರಾಗ ಅರ್ಧ ಬರಿಯಾಕ ಬರೂದಿಲ್ಲ, ಬರದ್ರ ಪೂರಾ ಬರೀರಿ ಎಂದಳು. ಬರೆಯುತ್ತೇನೆ, ಬರೆಯುತ್ತೇನೆ ಎಂದೆ. ಫಾರ್ಮು ಆಗಲೇ ಹೋಗಿಯಾಗಿತ್ತು.

ಹಣ ಬಂತು. ಫೋರ್ಟಿನ ಒಂದು ಹಳೆಯ ಹಾಲ್‌ನಲ್ಲಿ ಕಾರ್ಯಕ್ರಮ. ಎತ್ತರದ ಛಾವಣಿ, ಉದ್ದ ಕೊಳವೆಯಿಂದ ಇಳಿಬಿಟ್ಟ ಫ್ಯಾನುಗಳು. ಕಾರ್ಖಾನೆಯ ತಗಡಿನ ಮೇಜನ್ನೇ ಟೆಂಪೋದಲ್ಲಿ ತಂದಿದ್ದರು. ಆಫೀಸಿನ ಹುಡುಗಿಗೆ ಅದು ಬಹಳ ಆಥೆಂಟಿಕ್ ಎನಿಸಿತ್ತು. ನೋಡಲು ಬಂದವರಲ್ಲಿ ಕನ್ನಡ ಬಲ್ಲವರು ಐದಾರು ಮಂದಿ ಇದ್ದರೆ ಹೆಚ್ಚು. ಉಳಿದವರೆಲ್ಲ ಬುಕ್ಲೆಟ್ ಹಿಡಿದು ಕವರಿನ ಮೇಲಿನ ನನ್ನ ಮೂರು ಸಾಲು ಓದುತ್ತ ಹಾಡು ಕೇಳಿದರು. ಅವಳು ಕೊನೆಯ ಸಾಲು ಹಾಡಿದಳು. ಆರು ಮಂದಿಯ ಕೈ ತಗಡಿನ ಮೇಲೆ ನಿಂತಿತು. ಆ ಮೌನ ಕೂತುಕೊಳ್ಳುವುದಕ್ಕೂ ಬಿಡದೆ ಹಾಲ್ ಪೂರ್ತಿ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅವಳು ತಬ್ಬಿಬ್ಬಾಗಿ ನನ್ನ ಕಡೆ ನೋಡಿದ್ದು ನೆನಪಿದೆ. ಭಯಕ್ಕೆ ಹಾಗೆ ನೋಡುತ್ತಿದ್ದಾಳೆ ಅಂದುಕೊಂಡೆ.

ಆಮೇಲೆ ಚಹಾ ಕುಡಿಯುವಾಗ ಅವಳು, “ಸತ್ತ ಮನ್ಯಾಗ ಯಾರರ ಚಪ್ಪಾಳಿ ಹೊಡೀತಾರೇನ್ರಿ?” ಎಂದಳು. ಸಿಟ್ಟಿನಿಂದಲ್ಲ, ಗೊತ್ತಿಲ್ಲದ್ದನ್ನು ಕೇಳುವ ಹಾಗೆ. ಇಲ್ಲಿಯ ಜನ ಮೆಚ್ಚಿದರೆ ಹಾಗೆಯೇ ಮಾರಾಯ್ತಿ ಎಂದೆ. ತಲೆಯಾಡಿಸಿ ಬಿಸ್ಕಿಟು ಚಹಾಕ್ಕೆ ಅದ್ದಿದಳು.

ಬುಕ್ಲೆಟ್ಟು ಟ್ರಸ್ಟಿನ ವೆಬ್‌ಸೈಟಿನಲ್ಲೂ ಬಂತು. ಅದು ಕಂತ್ರಾಟುದಾರನ ವಕೀಲನ ಕೈಗೆ ಹೇಗೆ ಹೋಯಿತೆಂದು ಕೇಳುವುದಕ್ಕೆ ಏನೂ ಉಳಿದಿಲ್ಲ. ಎಲ್ಲರಿಗೂ ಕಾಣಲಿ ಎಂದೇ ನಾವು ಹಾಕಿದ್ದು.

ಲೇಬರ್ ಆಫೀಸಿನ ಹಿಯರಿಂಗ್‌ಗೆ ಅವಳು ನನ್ನನ್ನು ಬರಲು ಹೇಳಿದ್ದಳು. ಇಂಗ್ಲಿಷಿನಲ್ಲಿ ಏನಾದರೂ ಅಂದರೆ ತಿಳಿಸಿ ಹೇಳಲು ಒಬ್ಬರು ಬೇಕು, ನೀವು ಇದ್ದರೆ ಧೈರ್ಯ ಎಂದು. ಸಯನ್ನಿನಿಂದ ಬಸ್ಸು ಹಿಡಿದು ಹೋದೆ. ಕಾರಿಡಾರಿನಲ್ಲಿ ಬೆಂಚು ಒಂದೇ, ನಿಂತವರು ನಲವತ್ತು ಮಂದಿ. ಅವಳ ಜೊತೆ ಉಳಿದ ಐವರೂ ಬಂದಿದ್ದರು. ಒಂದು ದಿನದ ಕೂಲಿ ಬಿಟ್ಟು. ಕಂತ್ರಾಟುದಾರ ಆಚೆ ಗೋಡೆಗೆ ಒರಗಿ ನಿಂತಿದ್ದ. ಬಿಳಿ ಷರ್ಟು, ಕೈಯಲ್ಲಿ ಹೆಲ್ಮೆಟ್ಟು, ಸಾಧಾರಣ ಮನುಷ್ಯ. ರಾಕ್ಷಸನ ಹಾಗೆ ಇರುತ್ತಾನೆ ಅಂದುಕೊಂಡಿದ್ದೆನೋ ಏನೋ. ನಮ್ಮ ಸೊಸೈಟಿಯ ಟ್ಯಾಂಕ್ ಸಾಫ್ ಮಾಡಿಸಲು ಬರುವವನೂ ಹೀಗೆಯೇ ಇದ್ದಾನೆ. ಅವನ ಆಳುಗಳು ಟ್ಯಾಂಕಿಗೆ ಹೇಗೆ ಇಳಿಯುತ್ತಾರೆಂದು ನಾನು ಬಾಲ್ಕನಿಯಿಂದ ಒಮ್ಮೆಯೂ ಬಗ್ಗಿ ನೋಡಿದವಳಲ್ಲ. ವಾಸನೆ ಬರುತ್ತದೆಂದು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಒಳಗೆ ಕರೆದರು. ಆ ಕಡೆಯ ವಕೀಲ ಚೀಲದಿಂದ ಬುಕ್ಲೆಟ್ ತೆಗೆದ. ಕವರನ್ನು ನಮ್ಮ ಕಡೆಗೂ ಒಮ್ಮೆ ತಿರುಗಿಸಿ ತೋರಿಸಿದ. ಅವನೂ ಒಳ್ಳೆಯ ಸ್ಕೂಲಿಗೆ ಹೋದವನಿರಬೇಕು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ, ನನ್ನ ಮೂರು ಸಾಲುಗಳನ್ನು ಓದಿದ. ಆ ಸಾಲುಗಳನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ಓದಿರಲಿಲ್ಲ. ಅನಾರೋಗ್ಯವಿದ್ದ ಮಗನನ್ನು ತಾಯಿಯೇ ಎಬ್ಬಿಸಿ ಕಳಿಸಿದಳು, ಟ್ಯಾಂಕಿಗೆ ಇಳಿಸಿದ್ದೂ ನಾನೇ ಅನ್ನುತ್ತಾಳೆ, ಇದು ಅವಳದೇ ಮಾತೆಂದು ಅಚ್ಚಾಗಿದೆ, ನಮ್ಮ ಕಕ್ಷಿದಾರರ ಪಾತ್ರ ಇದರಲ್ಲಿ ಎಲ್ಲಿದೆ ಎಂದ. ಹಿಂದಿನ ರಾತ್ರಿ ಮಗನಿಗೆ ಜ್ವರ ಇದ್ದದ್ದು ನಿಜ, ಅರ್ಜಿಯಲ್ಲಿ ಅವಳೇ ಬರೆಸಿದ್ದಳು. ಅವಳು ಎಬ್ಬಿಸಿದ್ದೂ ನಿಜ. ಫೋನ್ ಬಂದದ್ದಕ್ಕೆ ಎಬ್ಬಿಸಿದಳು.

ಕೇಸು ವಿಚಾರಿಸುತ್ತಿದ್ದ ಸಾಹೇಬರು ಹಿಂದಿಯಲ್ಲಿ ಅವಳನ್ನು ಕೇಳಿದರು, ಇದು ನೀನು ಹೇಳಿದ ಮಾತು ಹೌದೋ ಅಲ್ಲವೋ.

ಅವಳು ನನ್ನತ್ತ ತಿರುಗಿದಳು. ನಾನು ಆ ಸಾಲನ್ನು ಕನ್ನಡದಲ್ಲಿ ಹೇಳಬೇಕಾಯಿತು. ಹೇಳಿದೆ. ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಐವರಲ್ಲಿ ಆ ವಯಸ್ಸಾದವಳು, ರೂಢಿಯಿಂದಲೇ ಇರಬೇಕು, ಬಾಯೊಳಗೆ ಅಂದುಬಿಟ್ಟಳು: “ನೀ ಅಲ್ಲವ್ವ, ನೀ ಅಲ್ಲ.” ಜವಾನ ಬಂದು ಐವರನ್ನೂ ಹೊರಗೆ ನಿಲ್ಲಿಸಿದ.

“ಅಂದೀನ್ರಿ,” ಎಂದಳು ಅವಳು. “ಹೌದು, ನಾನಽ ಅಂದೀನಿ.”

ನಾನು ಎದ್ದು ನಿಂತೆ. ಸರ್, ಇದು ಟ್ರಾನ್ಸ್‌ಲೇಶನ್, ಇದು ಹಾಡಿನ ಒಂದು ಸಾಲು ಮಾತ್ರ, ಇದಕ್ಕೆ ಉತ್ತರದ ಸಾಲು ಇದೆ, ಕೊನೆಯ ಸಾಲು ಬೇರೆಯೇ ಇದೆ, ಅವರ ಕಡೆ ಅಳುವ ರೀತಿಯೇ ಹೀಗೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ಬರೆದವರು ನೀವೇ ತಾನೆ ಎಂದರು. ಹೌದು ಎಂದೆ. ಉತ್ತರದ ಸಾಲು ಇದರಲ್ಲಿ ಎಲ್ಲಿದೆ, ತೋರಿಸಿ ಎಂದರು. ಇಲ್ಲ ಎಂದೆ. ಬೇಕಾದರೆ ಈಗ ಹಾಡಿ ತೋರಿಸುತ್ತಾರೆ ಎಂದೆ. ಮೇಡಂ, ಇದು ಹಾಲ್ ಅಲ್ಲ ಎಂದರು. ನಮ್ಮ ಕಡೆಯ ವಕೀಲರು ಒಂದೆರಡು ಆಕ್ಷೇಪ ಹಾಕಿದರು, ಬರೆದುಕೊಂಡರು. ಮೇಜಿನ ಮೇಲೆ ಆ ಬುಕ್ಲೆಟ್ಟಿಗೆ ಒಂದು ನಂಬರ್ ಹಾಕಿ ಕಡತಕ್ಕೆ ಸೇರಿಸಿದರು.

ಹೊರಗೆ ಬಂದ ಮೇಲೆ ನಾನು ಅವಳ ತೋಳು ಹಿಡಿದುಕೊಂಡೆ. ಯಾಕೆ ಹೌದು ಅಂದೆ, ಅಲ್ಲ ಅನ್ನಬಹುದಿತ್ತಲ್ಲ, ಹಾಡಿಗೆ ಹೇಳಿದ್ದು, ನಿಜಕ್ಕೆ ಅಲ್ಲ ಎಂದಾದರೂ ಅನ್ನಬಹುದಿತ್ತಲ್ಲ ಎಂದೆ. ನನ್ನ ತಪ್ಪನ್ನು ಅವಳ ತಲೆಗೆ ಕಟ್ಟುವ ಆಸೆ ಒಳಗೆಲ್ಲೋ ಇದ್ದಿರಬೇಕು.

“ಸತ್ತ ಮಗನ ಮುಂದ ಅಂದದ್ದು, ಬಾಯಾರ. ಅದನ್ನ ಹೆಂಗ ಅಂದಿಲ್ಲ ಅಂತ ಅನ್ನಲಿ,” ಎಂದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು, “ನೀವು ಸೊಲ್ಲು ಯಾಕ ಬಿಟ್ರಿ?”

ಜಾಗ ಇರಲಿಲ್ಲ ಎಂದೆ. ಅದು ನಿಜವೂ ಹೌದು. ಆದರೆ ಜಾಗ ಇದ್ದಿದ್ದರೂ ನಾನು ಬಿಡುತ್ತಿದ್ದೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ಮರುದಿನವೇ ಫೋರ್ಟಿಗೆ ಹೋದೆ. ಟ್ರಸ್ಟಿನ ಛೇರ್ಮನ್ನರು ನಮ್ಮ ಯಜಮಾನರಿಗೆ ಬೇಕಾದವರು, ಕೆಳಗಿನ ಉಡುಪಿ ಹೊಟೇಲಿನಿಂದ ಕಾಫಿ ತರಿಸಿದರು. ಲೆಟರ್‌ಹೆಡ್ ಮೇಲೆ ಒಂದು ಕಾಗದ ಕೊಡಿ, ಪೂರ್ತಿ ಹಾಡು ಹೀಗೆ, ಬುಕ್ಲೆಟ್ಟಿನಲ್ಲಿ ನಾವು ತುಂಡು ಮಾಡಿ ಹಾಕಿದ್ದು ನಮ್ಮ ತಪ್ಪು ಎಂದು ಬರೆಯಿರಿ, ನಾನೇ ಡ್ರಾಫ್ಟ್ ಮಾಡಿಕೊಡುತ್ತೇನೆ ಎಂದೆ. ನಡೆಯುತ್ತಿರುವ ಕೇಸಿನಲ್ಲಿ ಟ್ರಸ್ಟು ಬಾಯಿ ಹಾಕುವಂತಿಲ್ಲ, ಲೀಗಲ್ ಅಡ್ವೈಸ್ ಹಾಗಿದೆ, ಹೊರಗಿನ ಫಂಡಿಂಗ್‌ಗೇ ಕುತ್ತು ಬಂದೀತು, ನೀವು ಇದನ್ನು ತುಂಬ ಪರ್ಸನಲ್ ಆಗಿ ತೆಗೆದುಕೊಳ್ಳುತ್ತಿದ್ದೀರಿ ಎಂದರು. ಕನಿಷ್ಠ ವೆಬ್‌ಸೈಟಿನಿಂದ ಆ ಸಾಲನ್ನಾದರೂ ತೆಗೆಸಿ ಎಂದೆ. ಅದಕ್ಕೆ ತಕ್ಷಣ ಒಪ್ಪಿದರು. ಸಂಜೆಯೊಳಗೆ ತೆಗೆಸಿಯೂ ಬಿಟ್ಟರು. ಸಾಲು ಮಾತ್ರವಲ್ಲ, ಪೂರ್ತಿ ಪೇಜು, ಹಾಲ್‌ನಲ್ಲಿ ಹಾಡಿದ ವೀಡಿಯೊ ಸಮೇತ. ಪೂರ್ತಿ ಹಾಡು, ಸೊಲ್ಲು, ಕೊನೆಯ ಸಾಲು, ಎಲ್ಲ ಇದ್ದದ್ದು ಆ ಒಂದು ವೀಡಿಯೊದಲ್ಲಿ. ಕಾಪಿ ಕೇಳಿದರೆ ಹುಡುಗಿ ತಲೆ ತಗ್ಗಿಸಿದಳು. “ಸಾರಿ ಆಂಟಿ, ಡಿಲೀಟ್ ಮಾಡು ಅಂದ್ರು, ಸಬ್ ಕುಛ್. ನನಗೆ... ಗೊತ್ತಿರ್ಲಿಲ್ಲ.” ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಭಾಷೆ ಅರ್ಧ ಗೊತ್ತಿತ್ತು. ನನಗೆ ಪೂರ್ತಿ ಗೊತ್ತಿತ್ತು.

ನಾನೇ ಒಂದು ಅಫಿಡವಿಟ್ ಮಾಡಿಸಿ ಹಾಡನ್ನು ಪೂರ್ತಿ ಬರೆದು ಸಲ್ಲಿಸಿದೆ. ಹಿಯರಿಂಗ್ ಆದ ಮೇಲೆ ನೆನಪಾದ ಸಾಲುಗಳೇ ಎಂದು ಆ ವಕೀಲ ಕೇಳಿದನಂತೆ.

ಆಮೇಲೆ ಶುಕ್ರವಾರದ ಹಾಡು ನಿಂತಿತು. ಒಮ್ಮೆ ಹೋದಾಗ ಐದು ಮಂದಿ ಇದ್ದರು, ಮೇಜಿಗೆ ಕೈ ಹಾಕಿದರು, ಎತ್ತಿಕೊಡುವವಳಿಲ್ಲದೆ ಹಾಗೆಯೇ ಕೂತರು. ಅವಳು ಪಕ್ಕದ ಮಷಿನ್ ರೂಮಿನಲ್ಲಿ, ರಜೆಯ ದಿನವೂ, ಬ್ಯಾಗಿನ ಪಟ್ಟಿಗೆ ಅಂಟು ಹಚ್ಚುತ್ತಿದ್ದಳು. ಹಾಡುವುದಿಲ್ಲವಾ ಎಂದೆ. “ಈಗ ಆ ಪದ ಎತ್ತಿದ್ರ ಅದು ಕಚೇರ್ಯಾಗಿನ ಮಾತ ಆಗತೈತ್ರಿ,” ಎಂದಳು, ಕೈ ನಿಲ್ಲಿಸದೆ. ಅವಳ ಪಕ್ಕ ಕೂತು ನಾನೂ ಒಂದೆರಡು ಪಟ್ಟಿಗೆ ಅಂಟು ಹಚ್ಚಿದೆ. ಸರಿಯಾಗಲಿಲ್ಲ. ಅವಳು ಅವನ್ನು ತೆಗೆದು ಮತ್ತೆ ಹಚ್ಚಿದಳು.

ಟ್ರಸ್ಟು ಆ ವರ್ಷದ ಕೊನೆಗೆ ಕಂಪ್ಲೀಶನ್ ರಿಪೋರ್ಟ್ ಕೇಳಿತು. ಯಾವ ಬದಲಾವಣೆ ಬಯಸಿದ್ದಿರಿ, ಎಷ್ಟು ಸಾಧಿಸಿದಿರಿ. ನಾನು ಬರೆಯಲಿಲ್ಲ. ಬೇರೆ ಯಾರೋ ಬರೆದರು, ಚೆನ್ನಾಗಿಯೇ ಬರೆದಿದ್ದರಂತೆ. ಮುಂದಿನ ವರ್ಷದ ಹಣ ಸಮುದ್ರ ತೀರದ ಗೋಡೆಚಿತ್ರಗಳಿಗೆ ಹೋಯಿತು. ನಾನು ಆ ಆಫೀಸಿನ ಮೆಟ್ಟಿಲು ಮತ್ತೆ ಹತ್ತಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಬೈಕುಲ್ಲಾ ಸ್ಟೇಶನ್ನಿನಲ್ಲಿ. ಆರ್ಡರ್ ಬಂದಿದೆ, ಇಂಗ್ಲಿಷಿನಲ್ಲಿದೆ, ಓದಿ ಹೇಳುತ್ತೀರಾ ಎಂದು ಯಾರದೋ ಫೋನಿನಿಂದ ಕರೆದಿದ್ದಳು. ವಕೀಲರು ಆಗಲೇ ಹೇಳಿರಲಿಕ್ಕೆ ಸಾಕು ಎಂದೆ. ಅವರು ಸೋತಿವಿ ಅಂದರು, ಏನು ಬರದಾರ ಅಂತ ಹೇಳಲಿಲ್ಲ ಎಂದಳು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅವಳ ಪಕ್ಕ ಕೂತೆ. ಅವಳು ಕಾರ್ಖಾನೆ ಬಿಟ್ಟಿದ್ದಳು. ದೂರದ ಉಪನಗರದಲ್ಲಿ ನಾದಿನಿಯ ಮನೆಗೆ ಹೋಗುವವಳಿದ್ದಳು, ಕಾಲ ಬುಡದಲ್ಲಿ ಎರಡು ಗಂಟು.

ಹನ್ನೊಂದು ಪುಟ ಇತ್ತು. ನಾನು ಮೊದಲಿನಿಂದ ಶುರುಮಾಡಿದೆ. ಅವಳು ತಡೆದಳು. “ಅದೆಲ್ಲಾ ಬ್ಯಾಡ್ರಿ. ಯಾರು ಕಳಿಸ್ಯಾರಂತ ಬರದಾರ, ಅದನ್ನ ಓದ್ರಿ.”

ಒಂಬತ್ತನೆಯ ಪುಟದಲ್ಲಿ ಸಿಕ್ಕಿತು. ಕಂತ್ರಾಟುದಾರ ಟ್ಯಾಂಕಿಗೆ ಕಳಿಸಿದನೆಂಬುದಕ್ಕೆ ಸಾಕ್ಷಿಯಿಲ್ಲ, ತಾಯಿಯೇ ಕಳಿಸಿದ್ದಾಗಿ ಅವಳ ಸ್ವಂತ ಹೇಳಿಕೆಯಿದೆ ಎಂದಿತ್ತು. ಕೆಳಗೆ ನನ್ನ ಇಂಗ್ಲಿಷು, ಒಂದು ಅಲ್ಪವಿರಾಮವೂ ಬದಲಾಗದೆ. ಮೃದು ಮಾಡಿ ಹೇಳಲೇ ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆಯೇ, ಒಂದು ಶಬ್ದವನ್ನೂ ಬಿಡದೆ, ಕನ್ನಡದಲ್ಲಿ ಹೇಳಿದೆ.

“ಇನ್ನೊಂದ್ ಸಲಾ ಓದ್ರಿ,” ಎಂದಳು. ಓದಿದೆ.

ಅವಳು ಅಳಲಿಲ್ಲ. ಕಾಗದವನ್ನು ನನ್ನಿಂದ ತೆಗೆದುಕೊಳ್ಳಲೂ ಇಲ್ಲ. ಮುಂದೆ ಕೋರ್ಟಿಗೆ ಹೋಗಬಹುದು, ನಾನು ವಕೀಲರ ಹತ್ತಿರ ಮಾತಾಡುತ್ತೇನೆ ಎಂದು ಏನೇನೋ ಹೇಳಿದೆ. ಅವಳು ಗಾಡಿಯ ಹೊತ್ತು ತೋರಿಸುವ ಇಂಡಿಕೇಟರ್ ನೋಡುತ್ತಿದ್ದಳು.

“ನಿಮ್ಮ ಭಾಷಾದಾಗ ಐತಿ,” ಎಂದಳು. “ನೀವಽ ಇಟಗೋರಿ.”

ಸ್ಲೋ ಲೋಕಲ್ ಬಂತು. ಗಂಟುಗಳಲ್ಲಿ ಒಂದನ್ನು ನಾನು ಎತ್ತಿಕೊಡಲು ಹೋದೆ. ಬ್ಯಾಡ್ರಿ, ನಿಮಗ ಮೊಣಕಾಲ ನೋವು ಎಂದು ಎರಡನ್ನೂ ತಾನೇ ಎತ್ತಿಕೊಂಡು ಲೇಡೀಸ್ ಡಬ್ಬಿ ಹತ್ತಿದಳು. ಬಾಗಿಲಿನ ಕಂಬ ಹಿಡಿದವರ ನಡುವೆ ಒಳಗೆ ತೂರಿಕೊಂಡಳು. ಗಾಡಿ ಹೊರಡುವಾಗ ಅವಳು ನೆಲಕ್ಕೆ ಕೂತು, ಗಂಟುಗಳನ್ನು ತೊಡೆಯ ಹತ್ತಿರ ಎಳೆದುಕೊಳ್ಳುತ್ತ, ಪಕ್ಕದ ಹೆಂಗಸಿಗೆ ಜಾಗ ಮಾಡಿಕೊಡುತ್ತಿದ್ದಳು.